36 ತಿಂಗಳ ಕಾಂಟ್ರಾಕ್ಟ್, ಜೊತೆಗೆ ‘ಫ್ರೀ’ ಫೋನ್: ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ನನ್ನ ಫೋನಿಗೆ ಐದು ವರ್ಷ ಆಯಿತು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಖಾಲಿ. ಒಂದು ವರ್ಷದಿಂದ ಅಪ್‌ಡೇಟ್ ಬಂದಿಲ್ಲ. ಈ ಫೋನಿನಲ್ಲಿ ಇನ್ನು ಜಾಸ್ತಿ ದಿನ ನಡೆಯುವುದಿಲ್ಲ ಅಂತ ಬ್ಯಾಂಕಿನ ಆ್ಯಪ್ ಎಚ್ಚರಿಕೆ ಕೊಡುತ್ತಿದೆ. ಹೊಸದು ನೋಡಲು ಹೋದಾಗ ಅಂಗಡಿಯವರು 36 ತಿಂಗಳ ಕಾಂಟ್ರಾಕ್ಟ್ ತೋರಿಸಿದರು. ಸ್ವಲ್ಪ ಮುಂಗಡ, ಆಮೇಲೆ ತಿಂಗಳು ತಿಂಗಳು ಇಷ್ಟು ಅಂತ, ಅನ್‌ಲಿಮಿಟೆಡ್ ಡೇಟಾ. “ಫೋನ್ ಹೆಚ್ಚುಕಡಿಮೆ ಫ್ರೀ ಬಂದ ಹಾಗೆ” ಅಂದರು. ಮಗ ಬೇಡವೇ ಬೇಡ, ಫೋನ್ ಬೇರೆ ತಗೋ, ಸಿಮ್ ಬೇರೆ ಹಾಕಿಸು ಅನ್ನುತ್ತಾನೆ. ತಮ್ಮನೋ, ಕಂಪನಿಯಿಂದಲೇ ತಗೊಂಡ ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ ಅನ್ನುತ್ತಾನೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಒಂದು ತಿಂಗಳು ಕೈತುಂಬ ಕೆಲಸ, ಇನ್ನೊಂದು ತಿಂಗಳು ಏನೂ ಇರುವುದಿಲ್ಲ. ಮನೆಯಲ್ಲಿ ವೈಫೈ ಇದೆ. ಗಿರಾಕಿಗಳ ಅಳತೆ, ಡಿಸೈನಿನ ಫೋಟೋ ಎಲ್ಲ ಫೋನಿನಲ್ಲೇ ಇಟ್ಟಿದ್ದೇನೆ. ಮಧ್ಯದಲ್ಲಿ ಕಟ್ಟಲಾಗದಿದ್ದರೆ ಏನಾಗುತ್ತದೆ? ಫೋನ್ ಒಡೆದರೆ ಕಾಂಟ್ರಾಕ್ಟ್ ಮುಗಿಯುತ್ತದಾ? 12 ವರ್ಷದ ನನ್ನ ನಂಬರ್ ಎಲ್ಲ ಗಿರಾಕಿಗಳ ಹತ್ತಿರ ಇದೆ, ಅದು ಹೋಗಿಬಿಡುತ್ತದಾ? ಮಗನ ಹೆಸರಿನಲ್ಲಿ ಮಾಡಿಸಿದರೆ ಸುಲಭವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಐದಾರು ಇವೆ, ಒಳಗಿರುವ ಭಯ ಒಂದೇ. ಕೆಲಸ ಇಲ್ಲದ ತಿಂಗಳಲ್ಲೂ ತಪ್ಪದೆ ಬರುವ ಬಿಲ್ಲಿಗೆ ಮೂರು ವರ್ಷ ಕೊರಳು ಕೊಡುತ್ತಿದ್ದೇನಾ ಅನ್ನುವ ಭಯ. ನಾನು ಒಂದು ಮೊಬೈಲ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಬಹಳ ವರ್ಷ ಕೂತು ಇಂಥ ಕಾಂಟ್ರಾಕ್ಟ್‌ಗಳ ಜಗಳಗಳನ್ನೇ ಬಿಡಿಸಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ, ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ. ಹಾಗಂತ ಕಾಂಟ್ರಾಕ್ಟ್ ಅಂದರೆ ಮೋಸ ಅಂತಲೂ ಅಲ್ಲ. ಕೆಲವರಿಗೆ ಅದು ನಿಜಕ್ಕೂ ಅನುಕೂಲ. ನಿಮಗೆ ಹೊಂದುತ್ತದಾ ಅಂತ ನೋಡೋಣ.

ಮೊದಲು ಆ ‘ಫ್ರೀ’ ಅನ್ನುವ ಮಾತು. ತಿಂಗಳ ಬಿಲ್ಲಿನಲ್ಲಿ ಎರಡು ಬೇರೆ ಬೇರೆ ವಸ್ತುಗಳ ಹಣ ಸೇರಿರುತ್ತದೆ. ಒಂದು ಫೋನಿನ ಕಂತು. ಇನ್ನೊಂದು ಕರೆ ಮತ್ತು ಡೇಟಾದ ಹಣ. ಎರಡನ್ನೂ ಒಂದೇ ಗಂಟಾಗಿ ಕಟ್ಟಿ ಒಂದೇ ಮೊತ್ತ ಹೇಳಿದಾಗ, ಯಾವುದಕ್ಕೆ ಎಷ್ಟು ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಫೋನಿನ ಬೆಲೆ ಎಲ್ಲಿಗೂ ಹೋಗಿರುವುದಿಲ್ಲ, ಗಂಟಿನೊಳಗೆ ಇರುತ್ತದೆ. ಈ ಗಂಟು ಬಿಚ್ಚಬೇಕು ಅಂತ ಹಲವು ದೇಶಗಳಲ್ಲಿ ಪ್ರಯತ್ನ ನಡೆದಿದೆ. ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ 2013ರಲ್ಲಿ ಎರಡು ವರ್ಷದ ಸೇವಾ ಕಾಂಟ್ರಾಕ್ಟ್ ಬಿಟ್ಟು, ಫೋನಿನ ಕಂತನ್ನು ಬೇರೆ ತೋರಿಸಲು ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಉಳಿದ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಜಪಾನಿನಲ್ಲಿ 2019ರಿಂದ ಫೋನಿನ ಬೆಲೆ ಮತ್ತು ಸೇವೆಯ ದರ ಬೇರೆ ಬೇರೆ ಇರಬೇಕು ಅಂತ ಕಾನೂನೇ ಆಯಿತು. ಅಂಗಡಿಯವರು ಬಿಚ್ಚಿ ತೋರಿಸದಿದ್ದರೆ, ಒಂದು ಹಾಳೆ ಮತ್ತು ಪೆನ್ನು ಹಿಡಿದು ನೀವೇ ಬಿಚ್ಚಬಹುದು.

ಯಾರ ಕಾಂಟ್ರಾಕ್ಟಿಗೂ ಹೊಂದಲಿ ಅಂತ, ಫೋನನ್ನು ಒಂದೇ ಸಲಕ್ಕೆ ಕೊಂಡರೆ ಆಗುವ ಬೆಲೆಯನ್ನು 100 ಅಂತ ಇಟ್ಟುಕೊಳ್ಳುತ್ತೇನೆ. ನಿಮ್ಮ ಅಂಗಡಿಯವರು ಹೇಳಿದ ಅಂಕಿಗಳನ್ನು ಇದೇ ರೀತಿ ಕೂಡಿಸಿ ನೋಡಿ.

ಮುಂಗಡ 10, ತಿಂಗಳಿಗೆ 6, ಅಂಥದ್ದು 36 ತಿಂಗಳು. ಒಟ್ಟು 226. ಈಗ ಫೋನ್ ಬೇರೆ ಕೊಂಡು, ಅಷ್ಟೇ ಡೇಟಾ ಇರುವ ಸಿಮ್ ಬೇರೆ ಹಾಕಿಸಿದರೆ ಎಷ್ಟು? ಆ ಸಿಮ್ಮಿಗೆ ತಿಂಗಳಿಗೆ 2.5 ಅಂತಿಟ್ಟುಕೊಂಡರೆ ಮೂರು ವರ್ಷಕ್ಕೆ 90. ಫೋನಿನ 100 ಸೇರಿ 190. ಹೆಚ್ಚಾಗಿ ಕೊಡುತ್ತಿರುವುದು 36. ಇದು ಸಾಲದ ಬಡ್ಡಿ. ಹಾಳೆಯಲ್ಲಿ ‘ಬಡ್ಡಿ’ ಅಂತ ಎಲ್ಲೂ ಬರೆದಿರಲಿಕ್ಕಿಲ್ಲ, ಆದರೂ ಇದು ಬಡ್ಡಿಯೇ.

ಇಲ್ಲಿ ಇನ್ನೊಂದು ಕಡೆ ಜನ ಎಡವುತ್ತಾರೆ. ಮುಂಗಡ ಕಳೆದರೆ ನೀವು ಸಾಲ ಮಾಡಿದ್ದು 90. ಅದಕ್ಕೆ ಮೂರು ವರ್ಷದಲ್ಲಿ 36 ಬಡ್ಡಿ. “ವರ್ಷಕ್ಕೆ 13 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ” ಅಂತ ಯಾರಾದರೂ ಹೇಳಬಹುದು. ಮೂರು ವರ್ಷವೂ ಆ 90 ಪೂರ್ತಿ ನಿಮ್ಮ ಕೈಯಲ್ಲೇ ಇದ್ದಿದ್ದರೆ ಆ ಲೆಕ್ಕ ಸರಿ. ನೀವು ತಿಂಗಳು ತಿಂಗಳು ತೀರಿಸುತ್ತಾ ಬರುತ್ತೀರಲ್ಲ, ಸಾಲ ಕರಗುತ್ತಾ ಬರುತ್ತದೆ. ಕರಗುತ್ತಿರುವ ಸಾಲದ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಸುಮಾರು 23 ಪರ್ಸೆಂಟ್. ಇದು ಸಣ್ಣ ದರವಲ್ಲ.

ಈಗ ನಿಮ್ಮದೇ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ವೈಫೈ ಇದೆ, ಕೆಲಸವೂ ಮನೆಯಲ್ಲೇ. ಹಾಗಿದ್ದ ಮೇಲೆ ಹೊರಗಡೆ ಎಷ್ಟು ಡೇಟಾ ಬೇಕಾದೀತು? ಊಹೆ ಬೇಡ, ಫೋನೇ ಹೇಳುತ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಥವಾ ಕನೆಕ್ಷನ್ಸ್ ಒಳಗೆ ‘ಡೇಟಾ ಯೂಸೇಜ್’ ಇರುತ್ತದೆ. ಐಫೋನ್ ಆದರೆ ‘ಸೆಲ್ಯುಲರ್’ ಅಥವಾ ‘ಮೊಬೈಲ್ ಡೇಟಾ’ದಲ್ಲಿ ನೋಡಿ. ಒಂದು ಎಚ್ಚರ: ಐಫೋನಿನ ಆ ಲೆಕ್ಕ ತಾನಾಗಿ ಪ್ರತಿ ತಿಂಗಳು ಸೊನ್ನೆಗೆ ಬರುವುದಿಲ್ಲ. ನೀವೇ ರೀಸೆಟ್ ಮಾಡಿ ಒಂದು ತಿಂಗಳು ಬಿಟ್ಟು ನೋಡಬೇಕು. ಇಲ್ಲದಿದ್ದರೆ ಫೋನ್ ಕೊಂಡ ದಿನದಿಂದ ಬಳಸಿದ್ದೆಲ್ಲ ಸೇರಿ ದೊಡ್ಡ ಅಂಕಿ ಕಾಣುತ್ತದೆ. “ಅಯ್ಯೋ, ನನಗೆ ಅನ್‌ಲಿಮಿಟೆಡ್ಡೇ ಬೇಕು” ಅನ್ನಿಸಿಬಿಡುತ್ತದೆ.

ವೈಫೈನಲ್ಲೇ ದಿನದ ಹೆಚ್ಚಿನ ಹೊತ್ತು ಇರುವವರ ಬಿಲ್ ನಾನು ತೆಗೆದು ನೋಡಿದಾಗಲೆಲ್ಲ, ಕೊಂಡ ಡೇಟಾದ ಬಹುಪಾಲು ಮುಟ್ಟದೆ ಬಿದ್ದಿರುತ್ತಿತ್ತು. ನಿಮಗೂ ಸಣ್ಣ ಪ್ಲಾನ್ ಸಾಕಾಗಿ, ಅದಕ್ಕೆ ತಿಂಗಳಿಗೆ 1.5 ಆಗುವುದಾದರೆ ಮೂರು ವರ್ಷಕ್ಕೆ 54. ಫೋನ್ ಸೇರಿ 154. ಆ ಕಾಂಟ್ರಾಕ್ಟಿನ 226ರ ಪಕ್ಕದಲ್ಲಿ ಇಟ್ಟು ನೋಡಿ. ವ್ಯತ್ಯಾಸ 72. ಅದರಲ್ಲಿ ಅರ್ಧ ಬಡ್ಡಿ, ಇನ್ನರ್ಧ ನೀವು ಬಳಸದೇ ಇರುವ ಡೇಟಾ. ಹೊಳೆಯುವ ಫೋನುಗಳನ್ನು ದೊಡ್ಡ ಪ್ಲಾನುಗಳ ಜೊತೆಯಲ್ಲೇ ಕಟ್ಟಿ ಇಡುವುದು ಸುಮ್ನೆ ಅಲ್ಲ.

ಅನ್‌ಲಿಮಿಟೆಡ್ ಅನ್ನುವ ಮಾತಿಗೂ ಒಂದು ಮಿತಿ ಇರುವುದುಂಟು. ಎಷ್ಟೋ ಪ್ಲಾನುಗಳಲ್ಲಿ ಇಂತಿಷ್ಟು ಜಿಬಿ ಆದ ಮೇಲೆ ವೇಗ ಬೀಳುತ್ತದೆ. ಕೆಲವದರಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ನೀವು ಹೊಲಿದ ಬಟ್ಟೆಯ ಒಂದು ಫೋಟೋ, 3 ಎಂಬಿಯದ್ದು ಅಂತಿಟ್ಟುಕೊಳ್ಳಿ, ಗಿರಾಕಿಗೆ ಹೋಗಲು ಆರು ನಿಮಿಷಕ್ಕಿಂತ ಜಾಸ್ತಿ ಬೇಕು. ಹಾಳೆಯ ಕೆಳಗಡೆ ಸಣ್ಣ ಅಕ್ಷರದಲ್ಲಿ ‘ಫೇರ್ ಯೂಸೇಜ್’ ಅಂತ ಇದ್ದರೆ ಬೆರಳಿಟ್ಟು ತೋರಿಸಿ, ಎಷ್ಟು ಜಿಬಿ, ಆಮೇಲೆ ಎಷ್ಟು ವೇಗ ಅಂತ ಕೇಳಿ.

ಇದೆಲ್ಲ ಕೇಳಿ ಕಾಂಟ್ರಾಕ್ಟ್ ಯಾವಾಗಲೂ ದುಬಾರಿ ಅಂದುಕೊಳ್ಳಬೇಡಿ. ಗ್ರಾಹಕರನ್ನು ಸೆಳೆಯಲು ಕಂಪನಿಯೇ ಫೋನಿನ ಬೆಲೆಯಲ್ಲಿ ಒಂದಷ್ಟು ಹೊರುವುದೂ ಉಂಟು. ಅಂಥ ಕಡೆ ಒಟ್ಟು ಮೊತ್ತ 175 ಬಂದು, ಬೇರೆ ಬೇರೆ ಕೊಂಡರೆ 190 ಆಗಬಹುದು. ನನ್ನ ಕಣ್ಣೆದುರೇ ಅಂಥ ಒಳ್ಳೆ ಕೊಡುಗೆಗಳು ಬಂದಿವೆ, ಅವನ್ನು ಆರಿಸಿಕೊಂಡವರಿಗೆ ಲಾಭವೂ ಆಗಿದೆ. ಅದಕ್ಕೇ ತಿಂಗಳ ಕಂತಿನ ಅಂಕಿ ನೋಡಿ ತೀರ್ಮಾನಿಸಬೇಡಿ. ಮೊದಲ ದಿನದಿಂದ ಕೊನೆಯ ದಿನದವರೆಗೆ ನಿಮ್ಮ ಕೈಯಿಂದ ಹೋಗುವುದೆಷ್ಟು, ಅದೊಂದೇ ಅಂಕಿ ನೋಡಿ.

ಕೊನೆಯ ದಿನದವರೆಗೆ ಅಂದೆ. ಆ ಮೊತ್ತ ಮಧ್ಯದಲ್ಲಿ ಏರಬಹುದು. ವರ್ಷಕ್ಕೊಮ್ಮೆ ದರ ಏರಿಸುವ ಅಧಿಕಾರವನ್ನು ಕಾಂಟ್ರಾಕ್ಟಿನಲ್ಲೇ ಬರೆದುಕೊಳ್ಳುವ ಕಂಪನಿಗಳಿವೆ. ಏರಿಕೆ ಸೇವೆಯ ಹಣದ ಮೇಲೆ ಮಾತ್ರವೋ, ಫೋನಿನ ಕಂತೂ ಸೇರಿದ ಪೂರ್ತಿ ಬಿಲ್ಲಿನ ಮೇಲೋ ಅನ್ನುವುದು ಮುಖ್ಯ. ಪೂರ್ತಿ ಬಿಲ್ಲಿನ ಮೇಲೆ ವರ್ಷಕ್ಕೆ 4 ಪರ್ಸೆಂಟ್ ಏರಿದರೆ ನಮ್ಮ 226 ಸುಮಾರು 235 ಆಗುತ್ತದೆ. ಎಂದೋ ಕೊಂಡ ಫೋನಿನ ಬೆಲೆ ಎರಡನೇ ವರ್ಷದಲ್ಲಿ ಯಾಕೆ ಏರಬೇಕು ಹೇಳಿ! ಬ್ರಿಟನ್ನಿನಲ್ಲಿ ಇದರ ಬಗ್ಗೆ ಜನ ಬಹಳ ದೂರಿದರು. ಅಲ್ಲಿ 2025ರ ಜನವರಿಯಿಂದ ಹೊಸ ಕಾಂಟ್ರಾಕ್ಟ್‌ಗಳಲ್ಲಿ ‘ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತೇವೆ’ ಅಂತ ಬರೆಯುವಂತಿಲ್ಲ. ಏರಿಕೆ ಇದ್ದರೆ ಎಷ್ಟು, ಯಾವಾಗ ಅಂತ ಹಣದ ಲೆಕ್ಕದಲ್ಲೇ ಮೊದಲೇ ಹೇಳಬೇಕು. ನೀವಿರುವ ಕಡೆ ಅಂಥ ನಿಯಮ ಇರಲಿ ಬಿಡಲಿ, ಇದೇ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ.

ಇನ್ನು ನಿಮ್ಮ ತಮ್ಮ ಹೇಳಿದ ಸಿಗ್ನಲ್ ಮಾತು. ಟವರ್‌ಗೆ ನಿಮ್ಮ ಫೋನನ್ನು ಯಾರಿಂದ ಕೊಂಡಿರಿ ಅನ್ನುವುದು ಗೊತ್ತಿಲ್ಲ. ಸಿಗ್ನಲ್ ನಿಂತಿರುವುದು ಮೂರರ ಮೇಲೆ: ಟವರ್ ಎಷ್ಟು ದೂರ, ಅದು ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತಿದೆ, ನಿಮ್ಮ ಫೋನ್ ಅದನ್ನು ಹಿಡಿಯಬಲ್ಲದೇ. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರ ದೂರಕ್ಕೂ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. 3.5 ಗಿಗಾಹರ್ಟ್ಸ್‌ನಂಥ ಮೇಲಿನದು ವೇಗ ಜಾಸ್ತಿ ಕೊಡುತ್ತದೆ, ಗೋಡೆ ಬಂದರೆ ಬೇಗ ಸೋಲುತ್ತದೆ.

ಆದರೂ ತಮ್ಮನ ಮಾತಿನಲ್ಲಿ ಒಂದು ಚೂರು ಸತ್ಯ ಇದೆ. ಕಂಪನಿ ಮಾರುವ ಫೋನನ್ನು ಅದರ ನೆಟ್‌ವರ್ಕ್‌ನಲ್ಲಿ ಮೊದಲೇ ಪರೀಕ್ಷೆ ಮಾಡಿರುತ್ತಾರೆ. ಬೇರೆ ದೇಶಕ್ಕೆಂದು ತಯಾರಾದ ಫೋನನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಇಲ್ಲಿನ ಕೆಲವು ತರಂಗಾಂತರಗಳು ಅದರಲ್ಲಿ ಇಲ್ಲದೇ ಇರಬಹುದು. ಅದಕ್ಕಿಂತ ದೊಡ್ಡ ತೊಡಕು ಕರೆಯದ್ದು. ಹಳೆಯ 3ಜಿ ಜಾಲ ಮುಚ್ಚಿದ ಕಡೆ ಕರೆ ಹೋಗುವುದು 4ಜಿ ಮೇಲೆ, ವೋಲ್ಟಿ (VoLTE) ಅನ್ನುವ ವ್ಯವಸ್ಥೆಯ ಮೂಲಕ. ಅಮೆರಿಕದಲ್ಲಿ ಎಟಿ&ಟಿ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ, ತನ್ನ ಜಾಲದ ವೋಲ್ಟಿಗೆ ಹೊಂದದ ಫೋನುಗಳಲ್ಲಿ ಕರೆಯೇ ಹೋಗದಂತಾಯಿತು. ಆದ್ದರಿಂದ ಫೋನ್ ಬೇರೆ ಕೊಂಡರೂ, ಅದು ನಿಮ್ಮ ದೇಶದಲ್ಲೇ ಮಾರಾಟಕ್ಕೆ ಬಂದ ಮಾಡೆಲ್ ಆಗಿರಲಿ. ನಿಮ್ಮ ನೆಟ್‌ವರ್ಕ್‌ನ ವೋಲ್ಟಿ ಅದರಲ್ಲಿ ನಡೆಯುತ್ತದಾ ಅಂತ ಕೇಳಿಕೊಳ್ಳಿ. ಅಷ್ಟಾದರೆ ಸಿಗ್ನಲ್‌ನಲ್ಲಿ ವ್ಯತ್ಯಾಸ ಇರುವುದಿಲ್ಲ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ಮಧ್ಯದಲ್ಲಿ ಕಟ್ಟಲಾಗದಿದ್ದರೆ?

ಮೊದಲು ತಡವಾದದ್ದಕ್ಕೆ ದಂಡ ಬೀಳುತ್ತದೆ. ಆಮೇಲೆ ಹೊರಹೋಗುವ ಕರೆ ನಿಲ್ಲುತ್ತದೆ. ಆಮೇಲೆ ಸೇವೆ ಪೂರ್ತಿ ನಿಲ್ಲುತ್ತದೆ. ಬಾಕಿ ವಸೂಲಿಗೆ ಹೋಗುತ್ತದೆ, ಸಾಲದ ದಾಖಲೆಯಲ್ಲಿ ಕಪ್ಪು ಗೆರೆ ಬೀಳುತ್ತದೆ. ಕೆಲವು ಕಡೆ ಫೋನನ್ನೇ ದೂರದಿಂದ ಲಾಕ್ ಮಾಡುತ್ತಾರೆ. ನಿಮ್ಮ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ನಂಬರ್. ಒಂದೇ ಗಂಟಿನಲ್ಲಿ ಕಟ್ಟಿದಾಗ ಫೋನಿನ ಸಾಲ ತಪ್ಪಿದರೆ ಹೊಡೆತ ಬೀಳುವುದು ನಂಬರಿನ ಮೇಲೆ. ಸೇವೆ ರದ್ದಾಗಿ ಬಹಳ ದಿನ ಬಿದ್ದಿದ್ದ ನಂಬರನ್ನು ಕಂಪನಿ ವಾಪಸ್ ತಗೊಂಡು ಬೇರೆಯವರಿಗೆ ಕೊಡಬಹುದು. ನಿಮ್ಮ ಗಿರಾಕಿಗಳೆಲ್ಲ ಆ 12 ವರ್ಷದ ನಂಬರಿನ ತುದಿಯಲ್ಲಿದ್ದಾರೆ. ಫೋನ್ ಹೋದರೆ ಇನ್ನೊಂದು ಸಿಗುತ್ತದೆ, ಆ ನಂಬರ್ ಹೋದರೆ ಕೆಲಸವೇ ಹೋದ ಹಾಗೆ. ಒಂದು ಫೋನಿನ ಕಂತಿಗೆ ಅದನ್ನು ಅಡವಿಡಬೇಡಿ ಅಂತ ನಿಮ್ಮನ್ನು ನಾನು ಕೇಳಿಕೊಳ್ಳುತ್ತೇನೆ.

ಎರಡನ್ನೂ ಬೇರೆ ಇಟ್ಟರೆ ಚಿತ್ರ ಬೇರೆಯಾಗುತ್ತದೆ. ಫೋನಿನ ಕಂತು ಒಂದು ತಿಂಗಳು ತಡವಾದರೆ ಸಾಲ ಕೊಟ್ಟವರ ಜೊತೆ ಮಾತಾಡಬೇಕಾಗುತ್ತದೆ, ಸಿಮ್ ಮಾತ್ರ ನಡೆಯುತ್ತಿರುತ್ತದೆ. ಪ್ರೀಪೇಯ್ಡ್ ಸಿಮ್ ಆಗಿದ್ದರೆ ಕೈಯಲ್ಲಿ ಹಣ ಇಲ್ಲದ ತಿಂಗಳು ಸಣ್ಣ ರೀಚಾರ್ಜ್ ಮಾಡಿಕೊಂಡು ವೈಫೈನಲ್ಲಿ ದಿನ ದೂಡಬಹುದು, ಬಾಕಿ ಅಂತ ಏನೂ ಏರುವುದಿಲ್ಲ. ಆದರೆ ರೀಚಾರ್ಜ್ ಇಲ್ಲದೆ ತೀರಾ ಬಹಳ ದಿನ ಬಿಟ್ಟರೆ ಪ್ರೀಪೇಯ್ಡ್ ನಂಬರೂ ಹೋಗುತ್ತದೆ. ಎಷ್ಟು ದಿನ ಅಂತ ನಿಮ್ಮ ಕಂಪನಿಯನ್ನು ಕೇಳಿ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮಧ್ಯದಲ್ಲಿ ಬಿಡುವ ಖರ್ಚನ್ನೂ ನೋಡಿಬಿಡಿ. 14 ತಿಂಗಳಾದ ಮೇಲೆ ಬೇಡ ಅನ್ನಿಸಿತು ಅಂತಿಟ್ಟುಕೊಳ್ಳಿ. 22 ತಿಂಗಳು ಉಳಿದಿದೆ. ಉಳಿದದ್ದನ್ನೆಲ್ಲ ಕಟ್ಟಿ ಅನ್ನುವ ಕಾಂಟ್ರಾಕ್ಟ್ ಆದರೆ 22 ಸಲ 6, ಅಂದರೆ 132. ಹೊಸ ಫೋನಿನ ಬೆಲೆಯೇ 100 ಇತ್ತು! ಫೋನಿನ ಬಾಕಿ ಮಾತ್ರ ಕೇಳುವ ಕಾಂಟ್ರಾಕ್ಟ್ ಆದರೆ, ತಿಂಗಳ 6ರಲ್ಲಿ ಸಿಮ್ಮಿನ 2.5 ಕಳೆದು ಉಳಿಯುವ 3.5 ಮಾತ್ರ, 22 ಸಲ, ಅಂದರೆ 77. ಈ ಎರಡರ ನಡುವೆ ಅಜಗಜಾಂತರ. ಯುರೋಪಿನ ಒಕ್ಕೂಟದಲ್ಲಿ ಗ್ರಾಹಕರನ್ನು ಸೇವೆಗೆ 24 ತಿಂಗಳಿಗಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ ಅಂತ ನಿಯಮ ಇದೆ. ಮೂರು ವರ್ಷ ಅನ್ನುವುದು ಉದ್ದದ ಕಾಲ. ಅಷ್ಟರಲ್ಲಿ ಮನೆ ಬದಲಾಗಬಹುದು, ಆ ಮನೆಯಲ್ಲಿ ಇದೇ ಕಂಪನಿಯ ಸಿಗ್ನಲ್ ಸಿಗದೇ ಹೋಗಬಹುದು.

ಫೋನ್ ಒಡೆದರೆ ಕಾಂಟ್ರಾಕ್ಟ್ ಮುಗಿಯುವುದಿಲ್ಲ. ಕಳೆದುಹೋದರೂ ಮುಗಿಯುವುದಿಲ್ಲ. ಕೈಯಲ್ಲಿ ಫೋನ್ ಇಲ್ಲ, ಕಂತು ಮಾತ್ರ ಇದೆ ಅಂತ ನನ್ನ ಮೇಜಿನ ಮುಂದೆ ಬಂದು ನಿಂತವರು ಒಬ್ಬಿಬ್ಬರಲ್ಲ. ವಾರಂಟಿ ನೋಡಿಕೊಳ್ಳುವುದು ತಯಾರಿಕೆಯ ದೋಷವನ್ನು. ಕೈಜಾರಿ ಬಿದ್ದರೆ, ನೀರು ಹೊಕ್ಕರೆ ಸಾಮಾನ್ಯವಾಗಿ ಅದು ನೆರವಿಗೆ ಬರುವುದಿಲ್ಲ, ಡಬ್ಬದ ಮೇಲೆ ನೀರು ತಡೆಯುತ್ತದೆ ಅಂತ ಬರೆದಿದ್ದರೂ ಕೂಡ. ವಿಮೆ ಮಾಡಿಸುವುದಾದರೆ ಪ್ರತಿ ರಿಪೇರಿಗೂ ನೀವು ಕೈಯಿಂದ ಹಾಕಬೇಕಾದ ಪಾಲು ಎಷ್ಟು ಅಂತ ಕೇಳಿ. ಆ ಪಾಲು ಮತ್ತು ಮೂರು ವರ್ಷದ ವಿಮೆಯ ಕಂತು ಕೂಡಿಸಿದರೆ ಎಷ್ಟೋ ಸಲ ಹೊಸ ಪರದೆ ಹಾಕಿಸುವ ಖರ್ಚೇ ಕಡಿಮೆ. ಒಂದು ಗಟ್ಟಿ ಕವರ್, ಗಾಜಿನ ಮೇಲೊಂದು ಸ್ಕ್ರೀನ್ ಗಾರ್ಡ್, ನಾನಾದರೆ ಅಷ್ಟಕ್ಕೇ ನಿಲ್ಲಿಸುತ್ತೇನೆ.

ಮಗನ ಹೆಸರಿನಲ್ಲಿ ಮಾಡಿಸುವ ಯೋಚನೆ ಬಿಟ್ಟುಬಿಡಿ. ಸಾಲ ಕಾನೂನಿನ ಪ್ರಕಾರ ಅವನದಾಗುತ್ತದೆ. ನಿಮ್ಮ ಒಂದು ತಡವಾದ ತಿಂಗಳು ಅವನ ದಾಖಲೆ ಕೆಡಿಸುತ್ತದೆ. ನಾಳೆ ಅವನು ಬೇರೆ ಸಾಲಕ್ಕೆ ಹೋದಾಗ ಅದು ಎದ್ದು ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ಕಾಂಟ್ರಾಕ್ಟಿಗೆ ನಿಮ್ಮ ನಂಬರನ್ನು ತಂದರೆ ಕಂಪನಿಯ ಪುಸ್ತಕದಲ್ಲಿ ನಂಬರೂ ಅವನದೇ ಆಗುತ್ತದೆ. ಸಿಮ್ ಕಳೆದರೆ ಹೊಸದು ಕೊಡಿ ಅಂತ ನೀವು ಹೋಗಿ ಕೇಳಿದರೆ ಕೊಡುವುದಿಲ್ಲ, ಅವನೇ ಬರಬೇಕು. ಬ್ಯಾಂಕಿನ ಒಟಿಪಿ ಬರುವ ನಂಬರ್ ನಿಮ್ಮ ಹೆಸರಿನಲ್ಲೇ ಇರಲಿ.

ನಂಬರ್ ಹೋಗುತ್ತದಾ ಅಂತ ಕೇಳಿದ್ದಿರಿ. ಕಂಪನಿ ಬದಲಾಯಿಸಿದರೂ ನಂಬರ್ ಉಳಿಸಿಕೊಳ್ಳುವ ಪೋರ್ಟಿಂಗ್ ಸೌಲಭ್ಯ ಈಗ ಬಹುತೇಕ ದೇಶಗಳಲ್ಲಿದೆ. ಜನ ತಪ್ಪುವುದು ಕ್ರಮದಲ್ಲಿ. ಹಳೆಯ ಸಂಪರ್ಕವನ್ನು ಮೊದಲು ರದ್ದು ಮಾಡಿಸಿ, ಆಮೇಲೆ ನಂಬರ್ ಕೊಡಿ ಅಂತ ಹೊಸ ಕಂಪನಿಗೆ ಹೋಗುತ್ತಾರೆ. ಅಷ್ಟೊತ್ತಿಗೆ ನಂಬರ್ ಸತ್ತಿರುತ್ತದೆ. ಹಳೆಯದು ಜೀವಂತ ಇರುವಾಗಲೇ ಪೋರ್ಟಿಂಗ್ ಶುರು ಮಾಡಿ. ಅದು ಮುಗಿದಾಗ ಹಳೆಯ ಸಂಪರ್ಕ ತಾನಾಗಿ ನಿಲ್ಲುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೆ ನಿಮ್ಮ ಹಳೆಯ ಫೋನಿಗೆ ಆಗಿರುವುದೇ ಅದು. ಸಾಫ್ಟ್‌ವೇರ್ ಅಪ್‌ಡೇಟಿನ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ನೀವು ಕೊಂಡ ದಿನದಿಂದ ಅಲ್ಲ. ನಾಲ್ಕು ವರ್ಷ ಅಪ್‌ಡೇಟ್ ಇರುವ ಫೋನ್, ಬಂದು ಎರಡು ವರ್ಷ ಆಗಿದೆ ಅಂದರೆ ಉಳಿದಿರುವುದು ಎರಡೇ ವರ್ಷ. ಅದನ್ನು 36 ತಿಂಗಳ ಕಂತಿನಲ್ಲಿ ಕೊಂಡರೆ ಕೊನೆಯ ಒಂದು ವರ್ಷ, ಭದ್ರತೆ ಮುಗಿದ ಫೋನಿಗೆ ಕಂತು ಕಟ್ಟುತ್ತಿರುತ್ತೀರಿ. ‘ಫ್ರೀ’ ಅಂತ ಮುಂದೆ ತಳ್ಳುವ ಫೋನುಗಳಲ್ಲಿ ಹೀಗೆ ಹಳೆಯದಾದ ಮಾಡೆಲ್‌ಗಳೇ ಜಾಸ್ತಿ ಇರುವುದನ್ನು ನಾನು ನೋಡಿದ್ದೇನೆ. ಈಗ ಒಳ್ಳೆಯ ಮಾಡೆಲ್‌ಗಳಿಗೆ ದೊಡ್ಡ ಅವಧಿಯ ಭರವಸೆ ಇದೆ. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8ಕ್ಕೂ, 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ತಯಾರಕರು ಹೇಳಿದ್ದಾರೆ. ಕೊಳ್ಳುವ ಮುಂಚೆ ಮಾಡೆಲ್ಲಿನ ಹೆಸರು ಹಾಕಿ ‘ಅಪ್‌ಡೇಟ್ ಯಾವ ವರ್ಷದವರೆಗೆ’ ಅಂತ ತಯಾರಕರ ಪುಟದಲ್ಲೇ ನೋಡಿ.

ಬ್ಯಾಟರಿಯದ್ದೂ ಇಂಥದೇ ಲೆಕ್ಕ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಮಾರಾಟಕ್ಕೆ ಬರುವ ಹೊಸ ಫೋನುಗಳ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು ಅಂತ ನಿಯಮ. ಮೂರು ವರ್ಷ ಅಂದರೆ 1,095 ದಿನ. ದಿನಕ್ಕೊಂದು ಪೂರ್ತಿ ಚಾರ್ಜ್ ಬೇಕಾಗುವವರಿಗೆ ಕಾಂಟ್ರಾಕ್ಟ್ ಮುಗಿಯುವುದರೊಳಗೆ ಬ್ಯಾಟರಿ ಸೊರಗುವುದು ಸಹಜ. ಬ್ಯಾಟರಿ ಬದಲಾಯಿಸಲು ಆಗುವ ಖರ್ಚನ್ನೂ ನಿಮ್ಮ ಹಾಳೆಯಲ್ಲಿ ಸೇರಿಸಿ. ನಿಮ್ಮ ಹಳೆಯ ಫೋನಿಗೆ ಇನ್ನೂ ಅಪ್‌ಡೇಟ್ ಬರುತ್ತಿದ್ದಿದ್ದರೆ ಹೊಸ ಬ್ಯಾಟರಿ ಹಾಕಿಸಿ ಎರಡು ವರ್ಷ ತಳ್ಳಿ ಅನ್ನುತ್ತಿದ್ದೆ. ಅಪ್‌ಡೇಟ್ ನಿಂತಿರುವಾಗ, ಅದರಲ್ಲೂ ಬ್ಯಾಂಕಿನ ಆ್ಯಪ್ ಇರುವಾಗ, ಆ ಸಲಹೆ ಕೊಡಲಾರೆ.

ಹಾಗಾದರೆ ನಿಮಗೆ ಉಳಿದಿರುವ ದಾರಿಗಳು?

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಫೋನನ್ನು ಒಂದು ಮೆಟ್ಟಿಲು ಕೆಳಗೆ ಇಳಿಸುತ್ತೇನೆ. ಒಂದೇ ಸಲಕ್ಕೆ ಕೊಳ್ಳಲು ಆಗುವಂಥದ್ದು, ಐದು ವರ್ಷವಾದರೂ ಅಪ್‌ಡೇಟ್ ಉಳಿದಿರುವಂಥದ್ದು. ಅಳತೆ ಬರೆಯಲು, ಫೋಟೋ ತೆಗೆಯಲು, ಬ್ಯಾಂಕಿಗೆ ಅಂಥ ಫೋನ್ ಧಾರಾಳ ಸಾಕು. ಜೊತೆಗೆ ತಿಂಗಳಿಗೊಮ್ಮೆ ಬಿಡಬಹುದಾದ ಸಣ್ಣ ಸಿಮ್ ಪ್ಲಾನ್. ನಿಮ್ಮ ಮಗ ಹೇಳಿದ್ದು ಇದನ್ನೇ, ಅವನ ಮಾತಿನಲ್ಲಿ ಹುರುಳಿದೆ. ಅಪಾಯ ಒಂದೇ, ಕೈಯಲ್ಲಿರುವ ಹಣ ಒಮ್ಮೆಲೇ ಕರಗುತ್ತದೆ. ಕೆಲಸ ಇಲ್ಲದ ಎರಡು ತಿಂಗಳಿಗೆ ಆಗುವಷ್ಟು ಉಳಿಯುತ್ತದಾ ಅಂತ ನೋಡಿಕೊಂಡು ಮಾಡಿ.

ಅಷ್ಟು ಹಣ ಒಟ್ಟಿಗೆ ಇಲ್ಲ ಅಂದರೆ ಫೋನಿಗೆ ಮಾತ್ರ ಕಂತು, ಸಿಮ್ ಬೇರೆ. 12 ತಿಂಗಳೊಳಗೆ ಮುಗಿಯುವ ಕಂತು ಒಳ್ಳೆಯದು. ‘ಬಡ್ಡಿಯಿಲ್ಲದ ಕಂತು’ ಅಂದಾಗ, ಅದೇ ಫೋನಿಗೆ ನಗದು ಕೊಟ್ಟರೆ ರಿಯಾಯಿತಿ ಇದೆಯಾ ಅಂತ ಕೇಳಿ. ಇದ್ದರೆ, ಕೈಬಿಟ್ಟು ಹೋದ ಆ ರಿಯಾಯಿತಿಯೇ ನಿಮ್ಮ ಬಡ್ಡಿ. ಸಂಸ್ಕರಣಾ ಶುಲ್ಕ ಅಂತ ಬೇರೆ ಹಾಕುತ್ತಾರಾ, ಅದನ್ನೂ ಕೇಳಿ.

ತಯಾರಕರೇ ಸರಿಪಡಿಸಿ ವಾರಂಟಿ ಕೊಟ್ಟು ಮಾರುವ ಹಳೆಯ ಫೋನುಗಳೂ ಇವೆ, ಕೆಟ್ಟ ಆಯ್ಕೆಯಲ್ಲ. ಆದರೆ ಯಾರೋ ಗೊತ್ತಿಲ್ಲದವರ ಕೈಯಿಂದ ಕೊಳ್ಳುವಾಗ ಹುಷಾರು. ಹಿಂದಿನವರು ಕಂತು ಕಟ್ಟದೆ ಬಿಟ್ಟಿದ್ದರೆ ಕಂಪನಿ ಆ ಫೋನಿನ ಐಎಂಇಐ ಸಂಖ್ಯೆಯನ್ನೇ, ಅಂದರೆ ಪ್ರತಿ ಫೋನಿಗೂ ಇರುವ ಅದರದೇ ಗುರುತಿನ ಸಂಖ್ಯೆಯನ್ನೇ, ತಡೆಹಿಡಿದಿರಬಹುದು. ಆಗ ಯಾವ ಸಿಮ್ ಹಾಕಿದರೂ ನಡೆಯದೇ ಹೋಗಬಹುದು. *#06# ಒತ್ತಿದರೆ ಆ 15 ಅಂಕಿಯ ಸಂಖ್ಯೆ ಬರುತ್ತದೆ. ಹಣ ಕೊಡುವ ಮುಂಚೆ ಅದನ್ನು ಪರಿಶೀಲಿಸಿ.

ಎಲ್ಲ ಲೆಕ್ಕ ಹಾಕಿದ ಮೇಲೂ ಆ ಕಾಂಟ್ರಾಕ್ಟೇ ಅಗ್ಗ ಬಂತು, ತಗೊಳ್ಳುತ್ತೇನೆ ಅನ್ನುತ್ತೀರಾ, ಆಗಲಿ. 36ರ ಬದಲು 24 ತಿಂಗಳದ್ದು ಇದೆಯಾ ಕೇಳಿ. ಫೋನಿನ ಕಂತು ಎಷ್ಟು, ಸೇವೆಗೆಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವುದನ್ನೂ ಬರಹದಲ್ಲೇ ಪಡೆಯಿರಿ, ಬಾಯಿಮಾತು ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಫೋನ್ ಆ ಕಂಪನಿಯ ಸಿಮ್ಮಿಗೆ ಮಾತ್ರ ಲಾಕ್ ಆಗಿದೆಯಾ ಅಂತ ಕೇಳಿ. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಲಾಕ್ ಆದ ಫೋನ್ ಮಾರುವಂತಿಲ್ಲ, ಕೆನಡಾ ಮತ್ತು ಜಪಾನಿನಲ್ಲೂ ಅಂಥ ತಡೆ ಇದೆ. ಎಲ್ಲ ಕಡೆ ಇಲ್ಲ. ಕಟ್ಟಲು ಕಷ್ಟ ಅಂತ ಗೊತ್ತಾದ ತಿಂಗಳು, ಕೊನೆಯ ದಿನ ದಾಟುವ ಮುಂಚೆಯೇ ಫೋನ್ ಮಾಡಿ ಹೇಳಿ. ಮೊದಲೇ ಕರೆ ಮಾಡಿದವರಿಗೆ ದಿನ ಮುಂದೂಡಿಕೊಡುವುದು ನಮಗೆ ಸುಲಭವಾಗಿತ್ತು. ವಸೂಲಿಗೆ ಹೋದ ಮೇಲೆ ನಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ.

ಮತ್ತೆ, ಕಾಂಟ್ರಾಕ್ಟ್ ಮುಗಿಯುವ ತಾರೀಖನ್ನು ಗೋಡೆಯ ಮೇಲೆ ಬರೆದುಹಾಕಿ ಅಂದರೂ ತಪ್ಪಿಲ್ಲ. ಒಬ್ಬ ಹಿರಿಯ ಮಹಿಳೆ ಒಂದು ಫೈಲು ಹಿಡಿದು ನನ್ನ ಹತ್ತಿರ ಬಂದಿದ್ದರು. ಪ್ರತಿ ಬಿಲ್ಲನ್ನೂ ಪಂಚ್ ಮಾಡಿ, ಕಟ್ಟಿದ ದಿನವನ್ನು ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಜೋಡಿಸಿದ್ದರು. ಒಂದೂ ತಡವಾಗಿರಲಿಲ್ಲ. ಅವರ ಎರಡು ವರ್ಷದ ಕಾಂಟ್ರಾಕ್ಟ್ ಮುಗಿದು 14 ತಿಂಗಳಾಗಿತ್ತು. ಫೋನಿನ ಸಾಲ ತೀರಿದ ಮೇಲೂ ಅದೇ ಮೊತ್ತ ಕಟ್ಟುತ್ತಾ ಬಂದಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ, ನಿಯಮದಲ್ಲಿ ಆ ಹಣ ವಾಪಸ್ ಕೊಡಲು ದಾರಿಯೂ ಇರಲಿಲ್ಲ. ಆ ಪೆನ್ಸಿಲ್ ಅಕ್ಷರ ಇವತ್ತಿಗೂ ನನ್ನ ಕಣ್ಣಮುಂದಿದೆ. ಕೊನೆಯ ಕಂತು ಹೋದ ದಿನವೇ ಕರೆ ಮಾಡಿ ಸಿಮ್ ಮಾತ್ರದ ಪ್ಲಾನಿಗೆ ಬದಲಾಯಿಸಿಕೊಳ್ಳಿ.

ಯಾವ ದಾರಿ ಹಿಡಿದರೂ ಹೊಸ ಫೋನ್ ಬಂದ ದಿನವೇ ಹಳೆಯದನ್ನು ಅಂಗಡಿಗೆ ಕೊಟ್ಟುಬಿಡಬೇಡಿ. ಗಿರಾಕಿಗಳ ಅಳತೆ ಮತ್ತು ಡಿಸೈನಿನ ಫೋಟೋಗಳನ್ನು ಮೊದಲು ಹೊಸದಕ್ಕೆ ದಾಟಿಸಿ, ಒಂದೆರಡು ಅಳತೆ ತೆರೆದು ಹಳೆಯದರ ಪಕ್ಕದಲ್ಲಿಟ್ಟು ಸರಿ ಇದೆಯಾ ನೋಡಿ. ಬ್ಯಾಂಕಿನ ಆ್ಯಪ್ ಹೊಸದರಲ್ಲಿ ನೋಂದಣಿ ಆಗಿ ಒಟಿಪಿ ಬಂದದ್ದು ಖಾತ್ರಿ ಮಾಡಿಕೊಳ್ಳಿ. ಎರಡು ವಾರ ಹಳೆಯ ಫೋನ್ ಡ್ರಾಯರ್‌ನಲ್ಲಿ ಇರಲಿ. ಆಮೇಲೆ ಅದರಲ್ಲಿರುವುದನ್ನೆಲ್ಲ ಅಳಿಸಿ ಕೊಡಿ.